ನೋಡಿದವರು ಹಲವರು, ಒಯ್ದವರು ಕೆಲವರು: ಗ್ರಂಥಾಲಯದ ಕಾದಂಬರಿ ಪ್ರದರ್ಶನ ಸೋತದ್ದೆಲ್ಲಿ?

ಪ್ರಶ್ನೆ: ನಾನು ಸಾರ್ವಜನಿಕ ಗ್ರಂಥಾಲಯವೊಂದರ ಶಾಖೆಯಲ್ಲಿ ಎರಡು ವರ್ಷಗಳಿಂದ ಗ್ರಂಥಪಾಲಕಿಯಾಗಿದ್ದೇನೆ. ನಮ್ಮಲ್ಲಿ ಸುಮಾರು 6,000 ಕಾದಂಬರಿಗಳಿವೆ. ಪತ್ತೇದಾರಿ, ವೈಜ್ಞಾನಿಕ, ಭಯಾನಕ, ಪ್ರೇಮಕಥೆ ಎಂಬ ಭೇದವಿಲ್ಲದೆ ಎಲ್ಲವೂ ಲೇಖಕರ ಹೆಸರಿನ ಅಕಾರಾದಿಯಲ್ಲಿವೆ. ಜನಪ್ರಿಯ ಪ್ರಕಾರಗಳತ್ತ ಓದುಗರ ಗಮನ ಸೆಳೆಯಬೇಕೆಂದು ಕಳೆದ ತಿಂಗಳು ಬಾಗಿಲ ಬಳಿಯೇ ಪತ್ತೇದಾರಿ ಕಾದಂಬರಿಗಳ ಪ್ರದರ್ಶನವೊಂದನ್ನು ಮಾಡಿದೆ. ಸುತ್ತ ಅಪರಾಧ ನಡೆದ ಜಾಗಕ್ಕೆ ಪೊಲೀಸರು ಕಟ್ಟುವಂಥ ಹಳದಿ ಪಟ್ಟಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಶವದ ಆಕೃತಿ, ಗೋಡೆಯ ಮೇಲೆ ಕೆಂಪು ಕೈಗುರುತು, ನಡುವೆ ಮೇಜಿನ ಮೇಲೆ 36 ಪುಸ್ತಕಗಳು. ಬಂದವರು ಮೆಚ್ಚಿದರು, ಫೋಟೊ ತೆಗೆದುಕೊಂಡರು. ಆದರೆ ನಾಲ್ಕು ವಾರಗಳಲ್ಲಿ ಎರವಲು ಹೋದದ್ದು 8 ಪುಸ್ತಕ ಮಾತ್ರ. ಮಗು ಹೆದರಿತೆಂದು ಒಬ್ಬ ತಾಯಿ ದೂರಿದರು. ‘ಗ್ರಂಥಾಲಯ ಅಂಗಡಿಯಲ್ಲ, ಇಂಥವುಗಳಿಂದ ಗಂಭೀರ ಸಾಹಿತ್ಯಕ್ಕೆ ಜಾಗವಿಲ್ಲದಂತಾಗುತ್ತದೆ’ ಎಂದು ನನ್ನ ಹಿರಿಯ ಸಹೋದ್ಯೋಗಿ ಹೇಳುತ್ತಾರೆ. ಈ ಶ್ರಮಕ್ಕೆ ಅರ್ಥವಿದೆಯೇ? ಪ್ರದರ್ಶನದ ಬದಲು ಪ್ರತಿ ಪ್ರಕಾರಕ್ಕೂ ಪ್ರತ್ಯೇಕ ಕಪಾಟು ಮಾಡುವುದು ಮೇಲೇ? ಮುಂದಿನ ಸರದಿ ಭಯಾನಕ ಕಥೆಗಳದ್ದು. ಅದನ್ನು ಮಾಡಲೋ ಬಿಡಲೋ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ಪುಸ್ತಕಗಳು ಏಕೆ ಹೋಗಲಿಲ್ಲ ಎಂಬುದು ಮೊದಲನೆಯದು. ಇಂಥ ಪುಸ್ತಕಗಳನ್ನು ಮುಂದೆ ತರುವುದು ಗ್ರಂಥಾಲಯಕ್ಕೆ ತಕ್ಕದ್ದೇ ಎಂಬುದು ಎರಡನೆಯದು. ಪ್ರದರ್ಶನ ಸಾಕೇ ಅಥವಾ ಕಪಾಟಿನ ಏರ್ಪಾಡನ್ನೇ ಬದಲಿಸಬೇಕೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಉಳಿದೆರಡು ಸಾಕಷ್ಟು ಹಗುರಾಗುತ್ತವೆಯಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

8 ಎಂಬ ಸಂಖ್ಯೆ ಸೋಲನ್ನು ಸೂಚಿಸುತ್ತದೆಯೇ ಎಂಬುದು ನೀವು ಅದನ್ನು ಯಾವುದರ ಜೊತೆ ಹೋಲಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಅದೇ 36 ಪುಸ್ತಕಗಳು ಅದಕ್ಕೆ ಹಿಂದಿನ ನಾಲ್ಕು ವಾರಗಳಲ್ಲಿ, ಸಾಧ್ಯವಾದರೆ ಹಿಂದಿನ ವರ್ಷದ ಅದೇ ತಿಂಗಳಲ್ಲಿ, ಎಷ್ಟು ಸಲ ಎರವಲು ಹೋಗಿದ್ದವು ಎಂಬುದನ್ನು ನಿಮ್ಮ ವಿತರಣಾ ದಾಖಲೆಯಿಂದ ತೆಗೆದು ನೋಡಿ. ಆಗ ಒಂದೋ ಎರಡೋ ಹೋಗಿದ್ದರೆ ಈಗಿನ ಎಂಟು ಸಣ್ಣ ಗೆಲುವೇ. ಆಗಲೂ ಎಂಟೇ ಹೋಗಿದ್ದರೆ ಅಲಂಕಾರದಿಂದ ಏನೂ ಆಗಲಿಲ್ಲವೆಂದರ್ಥ. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಮುಂದಿನ ಸಲ ಒಂದೇ ಬಗೆಯ 40 ಪುಸ್ತಕಗಳನ್ನು ಆಯ್ದು, 20ನ್ನು ಪ್ರದರ್ಶನದಲ್ಲಿಟ್ಟು, 20ನ್ನು ಎಂದಿನ ಕಪಾಟಿನಲ್ಲೇ ಬಿಟ್ಟು, ಎರಡು ವಾರಗಳ ನಂತರ ಅದಲುಬದಲು ಮಾಡಿ ಲೆಕ್ಕ ಹಾಕಿ. ಹರ್ಬರ್ಟ್ ಗೋಲ್ಡ್‌ಹೋರ್ ಎಂಬ ಗ್ರಂಥಾಲಯ ವಿಜ್ಞಾನಿ ಈ ಹೋಲಿಕೆಯ ದಾರಿಯಲ್ಲೇ ನಡೆಸಿ 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಯ್ದ ಪುಸ್ತಕಗಳನ್ನು ಎದ್ದು ಕಾಣುವ ಜಾಗಕ್ಕೆ ತಂದಿಟ್ಟಾಗ ಅವುಗಳ ಎರವಲು ಹೆಚ್ಚಾಯಿತು. ಆದ್ದರಿಂದ ಪ್ರದರ್ಶನವೆಂಬ ಸಾಧನವೇ ನಿಷ್ಪ್ರಯೋಜಕವೆಂದು ನೀವು ಕೈಚೆಲ್ಲುವ ಅಗತ್ಯವಿಲ್ಲ. ಗೋಲ್ಡ್‌ಹೋರ್ ಅವರ ಪ್ರಯೋಗದಲ್ಲಿ ಕೆಲಸ ಮಾಡಿದ್ದು ಜಾಗ ಎಂಬುದನ್ನು ಮಾತ್ರ ಮರೆಯಬಾರದು.

ಈಗ ನಿಮ್ಮ ಪ್ರದರ್ಶನವನ್ನು ಬಾಗಿಲಿನಿಂದ ಒಳಬರುವ ಓದುಗರ ಕಣ್ಣಿನಿಂದ ನೋಡೋಣ. ಸುತ್ತಲೂ ಹಳದಿ ಪಟ್ಟಿ ಕಟ್ಟಲಾಗಿದೆ. ಆ ಪಟ್ಟಿಗೆ ಲೋಕದಲ್ಲಿರುವ ಅರ್ಥ ಒಂದೇ: ಒಳಗೆ ಬರಬೇಡಿ, ಯಾವುದನ್ನೂ ಮುಟ್ಟಬೇಡಿ. ನೆಲದ ಮೇಲಿನ ಆಕೃತಿಯನ್ನು ತುಳಿಯಬಾರದೆಂದು ಜನ ಮೇಜಿನಿಂದ ಎರಡು ಹೆಜ್ಜೆ ದೂರವೇ ನಿಲ್ಲುತ್ತಾರೆ. ಮೇಜಿನ ಮೇಲೆ 36 ಪುಸ್ತಕಗಳು, ಬಹುಶಃ ಒಂದೂ ಅಲುಗದಂತೆ, ಅಂದವಾಗಿ ಜೋಡಿಸಲ್ಪಟ್ಟಿವೆ. ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ನಡೆದುಕೊಳ್ಳುವಂತೆಯೇ ಜನ ಅದರ ಮುಂದೆ ನಡೆದುಕೊಂಡರು, ಮೆಚ್ಚಿ ಫೋಟೊ ತೆಗೆದು ಮುಂದೆ ಹೋದರು. ನಿಮ್ಮ ಕಲ್ಪನಾಶಕ್ತಿಗೆ ಕೊರತೆಯಿರಲಿಲ್ಲ. ಆದರೆ ಅದು ‘ನೋಡಿ’ ಎಂದು ಹೇಳಿತೇ ಹೊರತು ‘ತೆಗೆದುಕೊಳ್ಳಿ’ ಎಂದು ಹೇಳಲಿಲ್ಲ. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಮಾಡಿದ ಪ್ರದರ್ಶನಗಳಲ್ಲೂ ಇದೇ ಆಯಿತು. ಪ್ರದರ್ಶನದಲ್ಲಿದ್ದ ಪುಸ್ತಕವೊಂದನ್ನು ಹುಡುಕಿಕೊಂಡು ಬಂದ ಹಿರಿಯ ಓದುಗರೊಬ್ಬರು, ಅದು ಕಣ್ಣೆದುರಿಗೇ ಇದ್ದರೂ, ‘ಪ್ರದರ್ಶನ ಮುಗಿದ ಮೇಲೆ ನನಗೆ ಕೊಡುತ್ತೀರಾ?’ ಎಂದು ಕೇಳಿದಾಗ ನನಗೆ ವಿಷಯ ಅರ್ಥವಾಯಿತು. ಅದನ್ನು ಆಗಲೇ ಒಯ್ಯಬಹುದೆಂದು ಅವರಿಗೆ ತಿಳಿದೇ ಇರಲಿಲ್ಲ.

ಹೀಗಾಗಿ ಮೊದಲ ಬದಲಾವಣೆ ತೀರಾ ಸರಳವಾದದ್ದು. ‘ಈ ಪುಸ್ತಕಗಳನ್ನು ಈಗಲೇ ಮನೆಗೆ ಒಯ್ಯಬಹುದು’ ಎಂಬ ಒಂದು ಸಾಲನ್ನು ದೂರದಿಂದಲೂ ಓದುವಷ್ಟು ದೊಡ್ಡದಾಗಿ ಬರೆದು ನಿಲ್ಲಿಸಿ. ಬೆಳಿಗ್ಗೆ ಬಾಗಿಲು ತೆರೆಯುವಾಗ ಜೋಡಣೆಯಲ್ಲಿ ಒಂದೆರಡು ಕಡೆ ಬೇಕೆಂದೇ ಜಾಗ ಬಿಡಿ, ಒಂದು ಪುಸ್ತಕವನ್ನು ಸ್ವಲ್ಪ ಓರೆಯಾಗಿಡಿ. ಬೇರೆ ಯಾರೋ ಈಗಾಗಲೇ ಒಂದನ್ನು ತೆಗೆದುಕೊಂಡು ಹೋಗಿದ್ದಾರೆಂದು ಕಂಡರೆ ಮುಂದಿನವರ ಸಂಕೋಚ ಕಡಿಮೆಯಾಗುತ್ತದೆ. ಪುಸ್ತಕದ ಬೆನ್ನಿನ ಬದಲು ಮುಖಪುಟ ಕಾಣುವಂತೆ ನಿಲ್ಲಿಸಿ. 36ನ್ನು ಒಟ್ಟಿಗೆ ಇಡುವ ಬದಲು 15ರಿಂದ 20ನ್ನು ಇಟ್ಟು, ಉಳಿದವನ್ನು ಪಕ್ಕದ ಟ್ರಾಲಿಯಲ್ಲೋ ಕೌಂಟರಿನ ಹಿಂದೆಯೋ ಸಿದ್ಧವಾಗಿಟ್ಟುಕೊಂಡು, ಖಾಲಿಯಾದಂತೆ ತುಂಬುತ್ತಾ ಹೋಗಿ. ಮರುದಿನ ಬಂದವರಿಗೆ ಬೇರೆ ಪುಸ್ತಕಗಳು ಕಂಡರೆ ಅವರು ಮತ್ತೆ ನೋಡುತ್ತಾರೆ. ನಾಲ್ಕು ವಾರ ಅವೇ 28 ಪುಸ್ತಕಗಳು ಕುಳಿತಿದ್ದರೆ ಎರಡನೆಯ ವಾರದಿಂದಲೇ ಆ ಮೇಜು ಗೋಡೆಯ ಭಾಗವಾಗಿಬಿಡುತ್ತದೆ. ನನ್ನ ಅನುಭವದಲ್ಲಿ ಎರಡರಿಂದ ಮೂರು ವಾರ ಸಾಕು. ತುಂಬಲು ಪುಸ್ತಕವಿಲ್ಲದೆ ಅರ್ಧ ಖಾಲಿಯಾದ ದಿನ, ಅವಧಿ ಉಳಿದಿದ್ದರೂ, ಮುಗಿಸಿಬಿಡುವುದು ಒಳ್ಳೆಯದು.

ಸಂಖ್ಯೆಯ ವಿಷಯ ಬಂದಾಗ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಆಯ್ಕೆಗಳು ಹೆಚ್ಚಾದಷ್ಟೂ ಜನ ಏನನ್ನೂ ಆರಿಸುವುದಿಲ್ಲವೆಂಬ ಮಾತನ್ನು ನಮ್ಮ ವೃತ್ತಿಯ ತರಬೇತಿಗಳಲ್ಲಿ ಸಿದ್ಧಾಂತವೆಂಬಂತೆ ಹೇಳಲಾಗುತ್ತದೆ. ಅದರ ಮೂಲ ಮನಶ್ಶಾಸ್ತ್ರಜ್ಞರಾದ ಷೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗ. 24 ಬಗೆಯ ಜಾಮ್ ಇಟ್ಟಾಗ ಕೊಂಡವರಿಗಿಂತ 6 ಬಗೆ ಇಟ್ಟಾಗ ಕೊಂಡವರು ಬಹಳ ಹೆಚ್ಚು ಎಂದು ಅದರಲ್ಲಿ ಕಂಡಿತು. ಆದರೆ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಸರಾಸರಿ ಪರಿಣಾಮ ಸೊನ್ನೆಗೆ ಹತ್ತಿರವೆಂದು ತಿಳಿದುಬಂದಿತು. ಹಾಗಾಗಿ 15–20 ಎಂದು ನಾನು ಹೇಳುವುದು ಮನಶ್ಶಾಸ್ತ್ರದ ನಿಯಮದಿಂದಲ್ಲ. ಮುಖಪುಟ ತೋರಿಸಿ ನಿಲ್ಲಿಸಲು ಅಷ್ಟು ಜಾಗ ಬೇಕಾಗುತ್ತದೆ ಮತ್ತು ಮರುಪೂರಣಕ್ಕೆ ಸಂಗ್ರಹ ಉಳಿಯಬೇಕು ಎಂಬುದಷ್ಟೇ ಅದರ ಕಾರಣ. ಆಯ್ಕೆ ಕಷ್ಟವಾಗುವುದು ಪುಸ್ತಕಗಳ ನಡುವಿನ ವ್ಯತ್ಯಾಸ ತಿಳಿಯದಿದ್ದಾಗ. 6,000 ಬೆನ್ನುಗಳ ಮುಂದೆ ನಿಂತ ಓದುಗರಿಗೆ ಬೇಕಾದದ್ದು ಆ ವ್ಯತ್ಯಾಸವನ್ನು ಹೇಳುವ ಒಂದು ಮಾತು.

ಜಾಗದ ಬಗ್ಗೆ ಹೇಳುವುದಾದರೆ, ಬಾಗಿಲ ಬಳಿಯೇ ಎಲ್ಲಕ್ಕಿಂತ ಒಳ್ಳೆಯ ಜಾಗವೆಂದು ನಾವೆಲ್ಲ ಸಹಜವಾಗಿ ಭಾವಿಸುತ್ತೇವೆ. ಅಂಗಡಿಗಳಲ್ಲಿ ಜನರ ನಡೆಯನ್ನು ದೀರ್ಘಕಾಲ ಗಮನಿಸಿ ಬರೆದ ಪ್ಯಾಕೊ ಅಂಡರ್‌ಹಿಲ್, ಒಳಗೆ ಕಾಲಿಟ್ಟ ಮೊದಲ ಕೆಲವು ಹೆಜ್ಜೆಗಳಲ್ಲಿ ಜನ ಹೊರಗಿನ ಬೆಳಕು, ವೇಗಗಳಿಂದ ಒಳಗಿನ ವಾತಾವರಣಕ್ಕೆ ಹೊಂದಿಕೊಳ್ಳುತ್ತಿರುವುದರಿಂದ ಅಲ್ಲಿಟ್ಟದ್ದು ಅವರ ಗಮನಕ್ಕೆ ಬಾರದೇ ಹೋಗುತ್ತದೆ ಎನ್ನುತ್ತಾರೆ. ಗ್ರಂಥಾಲಯದಲ್ಲಿ ಇದರ ಜೊತೆಗೆ ಇನ್ನೊಂದು ಅಂಶವಿದೆ: ಒಳಬರುವವರ ಕೈಯಲ್ಲಿ ಹಿಂದಿರುಗಿಸಬೇಕಾದ ಪುಸ್ತಕಗಳಿರುತ್ತವೆ. ಅವನ್ನು ಕೌಂಟರಿನಲ್ಲಿ ಕೊಟ್ಟ ಕ್ಷಣದಲ್ಲೇ ಕೈ ಖಾಲಿಯಾಗಿ, ‘ಮುಂದೇನು ಓದಲಿ’ ಎಂಬ ಪ್ರಶ್ನೆ ಹುಟ್ಟುತ್ತದೆ. ಆದ್ದರಿಂದ ಹಿಂದಿರುಗಿಸುವ ಕೌಂಟರಿನಿಂದ ಕಪಾಟುಗಳತ್ತ ಹೋಗುವ ದಾರಿಯಲ್ಲಿ ನಾಲ್ಕೈದು ಹೆಜ್ಜೆ ಮುಂದೆ ಇರುವ ಜಾಗ ನನ್ನ ಮೊದಲ ಆಯ್ಕೆ. ಸರದಿಗಾಗಿ ಕಾಯುವ ಜಾಗ ಎರಡನೆಯದು. ಕಿಟಕಿಯ ನೇರ ಬಿಸಿಲು ಮುಖಪುಟದ ಬಣ್ಣವನ್ನು ಬೇಗ ಮಂಕಾಗಿಸುವುದರಿಂದ ಅಲ್ಲಿ ಬೇಡ. ಗಾಲಿಕುರ್ಚಿಯಲ್ಲಿ ಬರುವವರ ಕೈಗೂ ಎಟುಕಬೇಕಾದ್ದರಿಂದ ಮೇಲಿನ ಸಾಲು ನೆಲದಿಂದ ಸುಮಾರು 120 ಸೆಂಟಿಮೀಟರ್ ಮೀರದಿರಲಿ, ಕೆಳಗಿನದು 40ಕ್ಕಿಂತ ಕೆಳಗಿಳಿಯದಿರಲಿ. ತುರ್ತು ನಿರ್ಗಮನದ ದಾರಿಯನ್ನು ಅಲಂಕಾರಕ್ಕಾಗಿ ಒಂದಿಷ್ಟೂ ಕಿರಿದಾಗಿಸಬಾರದು. ಕಾಗದ, ಬಟ್ಟೆಗಳ ತೋರಣವನ್ನು ಬಿಸಿಯಾಗುವ ದೀಪಗಳ ಹತ್ತಿರ ಕಟ್ಟಬಾರದು.

ಇಲ್ಲಿಯವರೆಗೆ ಹೇಳಿದ್ದು ಮೇಜಿನ ವಿಷಯ. ಇದಕ್ಕಿಂತ ಮುಖ್ಯವಾದದ್ದು, ಮತ್ತು ನನಗೆ ಅತ್ಯಂತ ಪ್ರಿಯವಾದದ್ದು, ಮೇಜಿನ ಮೇಲೆ ಯಾವ ಪುಸ್ತಕಗಳನ್ನು ಯಾವ ಹೆಸರಿನಡಿ ಒಟ್ಟುಗೂಡಿಸುತ್ತೇವೆ ಎಂಬ ವಿಷಯ. ‘ಪತ್ತೇದಾರಿ ಕಾದಂಬರಿಗಳು’ ಎಂಬ ಫಲಕ ಓದುಗರಿಗೆ ಅಷ್ಟೇನೂ ಹೇಳುವುದಿಲ್ಲ. ಪತ್ತೇದಾರಿಯನ್ನು ಇಷ್ಟಪಡುವವರಿಗೆ ಅದು ಗೊತ್ತಿರುವುದೇ. ಇಷ್ಟಪಡದವರು ಆ ಪದ ಕಂಡೊಡನೆ ಪಕ್ಕಕ್ಕೆ ಸರಿಯುತ್ತಾರೆ. ಆದರೆ ಜನ ಪ್ರಕಾರವನ್ನು ಓದುವುದು ಪ್ರಕಾರಕ್ಕಾಗಿ ಮಾತ್ರವೇ? ಡೆನ್ಮಾರ್ಕಿನ ಆನೆಲಿಸೆ ಮಾರ್ಕ್ ಪೈಟರ್ಸನ್ 1970ರ ದಶಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಓದುಗರಿಗೂ ಗ್ರಂಥಪಾಲಕರಿಗೂ ನಡೆಯುವ ಮಾತುಕತೆಗಳನ್ನು ಅಭ್ಯಾಸ ಮಾಡಿ, ಜನ ಕಾದಂಬರಿಯನ್ನು ಕೇಳುವಾಗ ವಸ್ತು, ಕಾಲದೇಶಗಳ ಚೌಕಟ್ಟು, ಲೇಖಕರು ಓದುಗರಲ್ಲಿ ಉಂಟುಮಾಡಬಯಸಿದ ಅನುಭವ, ಓದಲು ಎಷ್ಟು ಸುಲಭ ಎಂಬ ನಾಲ್ಕು ದಿಕ್ಕುಗಳಿಂದ ಕೇಳುತ್ತಾರೆಂದು ಗುರುತಿಸಿದರು. ಅಮೆರಿಕದ ಜಾಯ್ಸ್ ಸಾರಿಕ್ಸ್ ಮತ್ತು ನ್ಯಾನ್ಸಿ ಬ್ರೌನ್ 1989ರಲ್ಲಿ ಓದುಗರ ಮಾರ್ಗದರ್ಶನದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾ, ಕಥೆ ಸಾಗುವ ವೇಗ, ಪಾತ್ರಗಳು, ಕಥಾಹಂದರ, ಪರಿಸರ ಇವುಗಳಲ್ಲಿ ಯಾವುದು ಓದುಗರನ್ನು ಹಿಡಿದಿಟ್ಟಿತೆಂದು ಕೇಳಬೇಕು ಎಂದರು. ಈ ಹೊಳಹುಗಳು ಪ್ರದರ್ಶನಕ್ಕೆ ಚಿನ್ನದಂಥ ಸಾಮಗ್ರಿ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಬಳಿ ಬರುತ್ತಿದ್ದ ಓದುಗರೊಬ್ಬರು ಪತ್ತೇದಾರಿ ಕಾದಂಬರಿಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅವುಗಳಲ್ಲಿ ಯಾವುದು ಹೆಚ್ಚು ಹಿಡಿಸಿತೆಂದು ಕೇಳಿದಾಗ ಅವರು ಹೆಸರಿಸಿದ ಮೂರೂ ಕಥೆಗಳು ಹಿಮದಲ್ಲಿ ಸಿಲುಕಿದ ಮನೆ, ನಡುಗಡ್ಡೆ, ಓಡುವ ರೈಲು ಇಂಥ ಮುಚ್ಚಿದ ಜಾಗಗಳಲ್ಲೇ ನಡೆಯುವಂಥವು. ಅವರಿಗೆ ಹಿಡಿಸುತ್ತಿದ್ದದ್ದು ಕೊಲೆಯ ಗುಟ್ಟಿಗಿಂತ, ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಕೆಲವೇ ಜನ ಪರಸ್ಪರರನ್ನು ಶಂಕಿಸುತ್ತಾ ಬದುಕುವ ಬಿಗಿತ. ನಾನು ಅವರಿಗೆ ಗಗನನೌಕೆಯೊಳಗೆ ನಡೆಯುವ ಒಂದು ವೈಜ್ಞಾನಿಕ ಕಾದಂಬರಿಯನ್ನು ಕೊಟ್ಟೆ. ವಾರದಲ್ಲೇ ಅದನ್ನು ಮುಗಿಸಿ ಬಂದು ಅಂಥದ್ದೇ ಇನ್ನೊಂದನ್ನು ಕೇಳಿದರು. ಆಮೇಲೆ ನಾನು ‘ಇಲ್ಲಿಂದ ಹೊರಹೋಗುವ ದಾರಿಯಿಲ್ಲ’ ಎಂಬ ಹೆಸರಿನಲ್ಲಿ ಒಂದು ಪ್ರದರ್ಶನ ಮಾಡಿ, ಪತ್ತೇದಾರಿ, ವೈಜ್ಞಾನಿಕ, ಭಯಾನಕ, ಐತಿಹಾಸಿಕ ಕಾದಂಬರಿಗಳನ್ನು, ಜೊತೆಗೆ ಒಂದೆರಡು ಗಂಭೀರ ಸಾಮಾಜಿಕ ಕಾದಂಬರಿಗಳನ್ನೂ ಅಕ್ಕಪಕ್ಕದಲ್ಲಿಟ್ಟೆ. ಆ ಮೇಜಿಗೆ ಬೇಕಾಗಿದ್ದ ಅಲಂಕಾರ ಹಳೆಯ ಬೀಗ ಒಂದು, ಬೀಗದ ಕೈ ಕಾಣದ ಖಾಲಿ ಕೊಕ್ಕೆ ಒಂದು, ಅಷ್ಟೇ. ಹೆಸರೇ ಬಹಳಷ್ಟು ಕೆಲಸ ಮಾಡಿತ್ತು.

ನೀವು ಇದೇ ದಾರಿಯಲ್ಲಿ ಹಲವು ಹೆಸರುಗಳನ್ನು ಕಂಡುಕೊಳ್ಳಬಹುದು. ‘ಕಥೆ ಹೇಳುವವರನ್ನೇ ನಂಬಬೇಡಿ’ ಎಂಬುದು ಪತ್ತೇದಾರಿ, ಭಯಾನಕ, ಪ್ರೇಮಕಥೆ ಮೂರನ್ನೂ ಒಳಗೊಳ್ಳುತ್ತದೆ. ‘ಒಂದೇ ರಾತ್ರಿಯ ಕಥೆಗಳು’ ಎಂಬುದು ಬಿಡುವು ಕಡಿಮೆಯಿರುವವರಿಗೆ ಒಪ್ಪುತ್ತದೆ. ‘ಆ ಒಂದು ದಿನ ಬೇರೆ ರೀತಿ ನಡೆದಿದ್ದರೆ’ ಎಂಬುದರಡಿ ಪರ್ಯಾಯ ಇತಿಹಾಸವೂ ಕಾಲಪ್ರಯಾಣವೂ ಸೇರುತ್ತವೆ. ‘ನಿಧಾನವಾಗಿ ಪ್ರೀತಿಸಿದವರು’ ಎಂಬ ಹೆಸರು, ಪ್ರೇಮಕಥೆ ಎಂಬ ಫಲಕದ ಮುಂದೆ ನಿಲ್ಲಲು ನಾಚುವ ಓದುಗರನ್ನೂ ನಿಲ್ಲಿಸೀತು. ಇದಕ್ಕೆ ಒಂದು ಅಪಾಯವೂ ಉಂಟು: ಹೆಸರು ತೀರಾ ಜಾಣತನದ್ದಾದರೆ ಯಾರಿಗೂ ಅರ್ಥವಾಗುವುದಿಲ್ಲ. ಹೆಸರನ್ನು ಓದಿದ ಅಪರಿಚಿತರೊಬ್ಬರು ಮೇಜಿನ ಮೇಲೆ ಎಂಥ ಪುಸ್ತಕಗಳಿರಬಹುದೆಂದು ಸರಿಯಾಗಿ ಊಹಿಸಬಲ್ಲರೇ ಎಂಬುದನ್ನು ಮೊದಲು ಒಬ್ಬಿಬ್ಬರ ಬಳಿ ಪರೀಕ್ಷಿಸಿ ನೋಡಿ.

ಪ್ರತಿ ಪುಸ್ತಕಕ್ಕಲ್ಲದಿದ್ದರೂ ನಾಲ್ಕೈದು ಪುಸ್ತಕಗಳಿಗೆ ಕೈಬರಹದ ಸಣ್ಣ ಚೀಟಿಯಿರಲಿ. ಇಪ್ಪತ್ತೈದು ಪದಗಳಿಗಿಂತ ಹೆಚ್ಚು ಬೇಡ. ಕಥೆಯ ಸಾರಾಂಶ ಬೆನ್ನುಡಿಯಲ್ಲೇ ಇರುವುದರಿಂದ ಅದನ್ನು ಮತ್ತೆ ಬರೆಯಬೇಡಿ. ಬೆನ್ನುಡಿ ಹೇಳದಿರುವುದನ್ನು, ಅಂದರೆ ಓದಿದಾಗ ಹೇಗಿರುತ್ತದೆ ಎಂಬುದನ್ನು ಬರೆಯಿರಿ. ‘ಮೊದಲ 40 ಪುಟ ನಿಧಾನ, ಆಮೇಲೆ ಕೆಳಗಿಡಲಾಗದು. ರಕ್ತಪಾತವಿಲ್ಲ. ಅಜ್ಜಿಯ ಪಾತ್ರಕ್ಕಾಗಿಯೇ ಓದಬೇಕು’ ಎಂಬ ಚೀಟಿಯಲ್ಲಿ ವೇಗ, ಹಿಂಸೆಯ ಪ್ರಮಾಣ, ಪಾತ್ರ ಮೂರೂ ಬಂದವು, ಗುಟ್ಟು ರಟ್ಟಾಗಲಿಲ್ಲ. ಓದದ ಪುಸ್ತಕಕ್ಕೆ ಚೀಟಿ ಬರೆಯುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಒಂದು ಸಲ ಮೋಸಹೋದ ಓದುಗರು ಮುಂದೆ ನಿಮ್ಮ ಯಾವ ಚೀಟಿಯನ್ನೂ ನಂಬುವುದಿಲ್ಲ. ನೀವೊಬ್ಬರೇ ಎಲ್ಲವನ್ನೂ ಓದಲಾಗದು ನಿಜ. ನಿಮ್ಮ ಖಾಯಂ ಓದುಗರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಹೆಸರು ಹಾಕದೆ ಅವರ ಮಾತನ್ನೇ ಬಳಸಬಹುದು.

ಪ್ರಕಾರ ಸಾಹಿತ್ಯಕ್ಕೇ ವಿಶೇಷವಾದ ಒಂದು ತೊಡಕು ಸರಣಿಗಳದ್ದು. ಸರಣಿಯ ಮೂರನೆಯ ಸಂಪುಟ ಮೇಜಿನ ಮೇಲಿದ್ದು, ಮೊದಲನೆಯದು ಯಾರದೋ ಮನೆಯಲ್ಲಿದ್ದರೆ, ಆಸೆಯಿಂದ ಎತ್ತಿಕೊಂಡವರು ನಿರಾಸೆಯಿಂದ ಕೆಳಗಿಡುತ್ತಾರೆ. ಪ್ರದರ್ಶನದಲ್ಲಿ ಸ್ವತಂತ್ರ ಕಾದಂಬರಿಗಳನ್ನೋ ಸರಣಿಯ ಮೊದಲ ಸಂಪುಟಗಳನ್ನೋ ಮಾತ್ರ ಇಡುವುದು ಕ್ಷೇಮ. ಹಾಗೆಯೇ, ಈಗಾಗಲೇ ಕಾಯ್ದಿರಿಸುವಿಕೆಯ ಸಾಲು ಇರುವ ಪುಸ್ತಕಗಳಿಗೆ ಮೇಜಿನ ನೆರವು ಬೇಕಿಲ್ಲ. ಯಾರೂ ಒಯ್ಯುತ್ತಿಲ್ಲವೆಂಬ ಒಂದೇ ಕಾರಣಕ್ಕೆ ಹರಿದ, ಹಳದಿಗಟ್ಟಿದ ಪ್ರತಿಗಳನ್ನು ತಂದಿಡುವುದೂ ತಪ್ಪು. ಒಳ್ಳೆಯ ಸ್ಥಿತಿಯಲ್ಲಿದ್ದು, ಒಳ್ಳೆಯ ಕಥೆಯಾಗಿದ್ದು, ಅಕಾರಾದಿಯಲ್ಲಿ ಹುದುಗಿಹೋದದ್ದರಿಂದ ಮಾತ್ರ ಕಣ್ಣಿಗೆ ಬೀಳದ ಪುಸ್ತಕಗಳೇ ಇಲ್ಲಿಗೆ ಸರಿ.

ಪುಸ್ತಕವನ್ನು ಕಾಗದದಲ್ಲಿ ಸುತ್ತಿ, ಹೊರಗೆ ಕೆಲವು ಸುಳಿವುಗಳನ್ನಷ್ಟೇ ಬರೆದಿಡುವ ಪ್ರಯೋಗದ ಬಗ್ಗೆ ನೀವು ಕೇಳಿಲ್ಲವಾದರೂ ಯಾರಾದರೂ ನಿಮಗೆ ಅದನ್ನು ಸೂಚಿಸಿಯೇ ಸೂಚಿಸುತ್ತಾರೆ. ಮುಖಪುಟ ನೋಡಿಯೇ ‘ಇದು ನನಗಲ್ಲ’ ಎಂದು ತೀರ್ಮಾನಿಸುವ ಅಭ್ಯಾಸವನ್ನು ಅದು ಮುರಿಯುತ್ತದೆ. ಆದ್ದರಿಂದ ಪ್ರಕಾರದ ಬಗ್ಗೆ ಪೂರ್ವಗ್ರಹವಿರುವಲ್ಲಿ ಉಪಯುಕ್ತ. ಆದರೆ ಬಾರ್‌ಕೋಡ್ ಹೊರಗೆ ಕಾಣದಿದ್ದರೆ ಕೌಂಟರಿನಲ್ಲೇ ಕಾಗದ ಹರಿಯಬೇಕಾಗುತ್ತದೆ. ಈಗಾಗಲೇ ಓದಿದ ಪುಸ್ತಕವೇ ಸಿಕ್ಕಬಹುದು. ಬಯಸದ ಹಿಂಸೆಯೋ ಲೈಂಗಿಕ ವಿವರವೋ ಮುನ್ಸೂಚನೆಯಿಲ್ಲದೆ ಎದುರಾಗಬಹುದು. ಬಾರ್‌ಕೋಡಿನ ನಕಲನ್ನು ಹೊರಗೆ ಅಂಟಿಸಿ, ಸುಳಿವುಗಳಲ್ಲಿ ಕಥೆಯ ತೀವ್ರತೆಯನ್ನು ಪ್ರಾಮಾಣಿಕವಾಗಿ ಹೇಳಿ, ಇಷ್ಟವಾಗದಿದ್ದರೆ ಓದದೆಯೇ ಹಿಂದಿರುಗಿಸಬಹುದೆಂದು ಬರೆದರೆ ಈ ತೊಂದರೆಗಳು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ವರ್ಷಕ್ಕೊಮ್ಮೆ ಸಾಕು.

ಈಗ ಆ ತಾಯಿಯ ದೂರು. ಅದನ್ನು ನೀವು ಗಂಭೀರವಾಗಿ ತೆಗೆದುಕೊಂಡದ್ದು ಸರಿ. ಮಗುವಿನ ವಿಷಯ ಒಂದಾದರೆ, ಹಿಂಸೆಯಲ್ಲಿ ತಮ್ಮವರನ್ನು ಕಳೆದುಕೊಂಡವರೂ ಆ ಬಾಗಿಲಿನಿಂದ ಒಳಗೆ ಬರುತ್ತಾರೆ, ಮತ್ತು ನೆಲದ ಮೇಲಿನ ಆ ಆಕೃತಿಯನ್ನು ನೋಡದೆ ದಾಟುವ ಆಯ್ಕೆ ಅವರಿಗಿರುವುದಿಲ್ಲ. ಪುಸ್ತಕದೊಳಗಿನ ಹಿಂಸೆಯನ್ನು ಓದುಗರು ತಾವಾಗಿ ತೆರೆಯುತ್ತಾರೆ, ಬೇಡವಾದಾಗ ಮುಚ್ಚುತ್ತಾರೆ. ದಾರಿಗೆ ಅಡ್ಡಲಾಗಿ ಬಿಡಿಸಿದ ಹಿಂಸೆಗೆ ಆ ಸೌಲಭ್ಯವಿಲ್ಲ. ಪತ್ತೇದಾರಿ ಕಥೆಯ ಸುಖವಿರುವುದು ಶೋಧನೆಯಲ್ಲಾದ್ದರಿಂದ ಅಲಂಕಾರಕ್ಕೆ ಶವದ ಬದಲು ಶೋಧನೆಯ ವಸ್ತುಗಳನ್ನು ಆರಿಸಿ. ಭೂತಗನ್ನಡಿ, ಹರಿದು ಮತ್ತೆ ಜೋಡಿಸಿದ ಪತ್ರ, ಕೌಂಟರಿನಿಂದ ಕಪಾಟಿನವರೆಗೆ ಸಾಗಿ ಒಂದು ಪುಸ್ತಕದ ಮುಂದೆ ನಿಂತುಬಿಡುವ ಹೆಜ್ಜೆಗುರುತುಗಳು. ಈ ಹೆಜ್ಜೆಗುರುತುಗಳು ಅಲಂಕಾರವೂ ಹೌದು, ದಾರಿಸೂಚಿಯೂ ಹೌದು. ಜಾರದಂಥ, ಅಂಚು ಏಳದಂಥ ಅಂಟುಹಾಳೆಯಲ್ಲಿ ಅವನ್ನು ಮಾಡಿ. ಇನ್ನು, ಸಿನಿಮಾ ಪೋಸ್ಟರುಗಳನ್ನೂ ಅಂತರಜಾಲದ ಚಿತ್ರಗಳನ್ನೂ ದೊಡ್ಡದಾಗಿ ಮುದ್ರಿಸಿ ಅಂಟಿಸುವ ಮುನ್ನ ಅವುಗಳ ಹಕ್ಕು ಯಾರದ್ದೆಂದು ಯೋಚಿಸುವುದು ಅಗತ್ಯ. ನಿಮ್ಮಲ್ಲಿರುವ ಪುಸ್ತಕಗಳ ಮುಖಪುಟಗಳೇ ಸಾಕಷ್ಟು ಸೊಗಸಾಗಿರುವಾಗ ಅವು ಬೇಕಾಗುವುದೂ ಅಪರೂಪ.

ನಿಮ್ಮ ಹಿರಿಯ ಸಹೋದ್ಯೋಗಿಯ ಆಕ್ಷೇಪ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಕಾದಂಬರಿಯನ್ನೇ ಒಂದು ಸಮಸ್ಯೆಯೆಂದು ಕರೆದು ಚರ್ಚಿಸಿದ್ದವು. ಒಬ್ಬ ಓದುಗರು ಒಮ್ಮೆಗೆ ಎರಡು ಪುಸ್ತಕ ಒಯ್ಯಬಹುದು, ಆದರೆ ಅದರಲ್ಲಿ ಒಂದು ಮಾತ್ರ ಕಾದಂಬರಿಯಾಗಿರಬೇಕು ಎಂಬ ಏರ್ಪಾಡು 1890ರ ದಶಕದಲ್ಲಿ ಅಲ್ಲಿ ಹಲವೆಡೆ ಬಂದದ್ದು ಆ ಆತಂಕದ ಹಿನ್ನೆಲೆಯಲ್ಲೇ. ಇದಕ್ಕೆ ನಮ್ಮವರು ಬಹಳ ಕಾಲ ಕೊಟ್ಟ ಸಮಜಾಯಿಷಿ ಏಣಿಯದ್ದು: ಇಂದು ಪತ್ತೇದಾರಿ ಓದುವವರು ನಾಳೆ ಮೇಲಿನ ಮೆಟ್ಟಿಲಿಗೆ ಹತ್ತುತ್ತಾರೆ ಎಂಬುದು. ನಾನು ಆ ಸಮಜಾಯಿಷಿಯನ್ನು ಬಳಸುವುದಿಲ್ಲ. ಕೆಲವರು ಹತ್ತುತ್ತಾರೆ, ಹಲವರು ಹತ್ತುವುದಿಲ್ಲ, ಇನ್ನು ಕೆಲವರು ಎರಡನ್ನೂ ಒಟ್ಟಿಗೇ ಓದುತ್ತಾರೆ. ಹತ್ತದವರು ನಮ್ಮ ಗ್ರಂಥಾಲಯದ ಎರಡನೆಯ ದರ್ಜೆಯ ಸದಸ್ಯರಲ್ಲ. ಪ್ರಕಾರ ಸಾಹಿತ್ಯದ ಬಗ್ಗೆ ಗ್ರಂಥಪಾಲಕರಿಗಾಗಿ 1982ರಲ್ಲಿ ಮಾರ್ಗದರ್ಶಿಯೊಂದನ್ನು ಬರೆದ ಬೆಟ್ಟಿ ರೋಸೆನ್‌ಬರ್ಗ್, ತಮ್ಮ ಓದಿನ ರುಚಿಗಾಗಿ ಯಾರೂ ಎಂದಿಗೂ ಕ್ಷಮೆ ಕೇಳಬಾರದೆಂಬುದನ್ನು ಓದಿನ ಮೊದಲ ನಿಯಮವೆಂದರು.

‘ಗ್ರಂಥಾಲಯ ಅಂಗಡಿಯಲ್ಲ’ ಎಂಬ ಮಾತಿಗೆ ಉತ್ತರ ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರಲ್ಲೇ ಇದೆ. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ನಿಯಮಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಎನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಎನ್ನುತ್ತದೆ. ಮೂರನೆಯ ನಿಯಮವನ್ನು ವಿವರಿಸುವಾಗ ಅವರು ಮುಕ್ತ ಪ್ರವೇಶ (ಓದುಗರೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸುವುದು), ಕಪಾಟಿನ ಜೋಡಣೆ, ಪ್ರಚಾರ ಇವೆಲ್ಲವನ್ನೂ ಪುಸ್ತಕಕ್ಕೆ ಓದುಗರನ್ನು ಹುಡುಕಿಕೊಡುವ ಸಾಧನಗಳಾಗಿ ಕಾಣುತ್ತಾರೆ. ಪ್ರದರ್ಶನವೂ ಅದೇ ಸಾಲಿಗೆ ಸೇರುತ್ತದೆ. ಸಹೋದ್ಯೋಗಿಯ ಮಾತಿನಲ್ಲಿ ಒಂದು ನ್ಯಾಯವಾದ ಅಂಶವೂ ಇದೆ ಎಂಬುದನ್ನು ನಾನು ಒಪ್ಪುತ್ತೇನೆ: ವರ್ಷವಿಡೀ ಒಂದೇ ಬಗೆಯ ಪುಸ್ತಕಗಳು ಆ ಮೇಜನ್ನು ಹಿಡಿದಿಟ್ಟರೆ ಉಳಿದವಕ್ಕೆ ಅನ್ಯಾಯವಾಗುತ್ತದೆ. ಪ್ರಕಾರಗಳನ್ನು ಬೆರೆಸುವ ಹೆಸರುಗಳನ್ನು ನಾನು ಮೇಲೆ ಸೂಚಿಸಿದ್ದಕ್ಕೆ ಇದೂ ಒಂದು ಕಾರಣ. ಅಂಥ ಒಂದು ಹೆಸರಿಗೆ ಹೊಂದುವ ಮೂರು ಗಂಭೀರ ಕಾದಂಬರಿಗಳನ್ನು ಅವರೇ ಆರಿಸಿ ಚೀಟಿ ಬರೆದುಕೊಡಲಿ ಎಂದು ಕೇಳಿನೋಡಿ.

ಪ್ರತ್ಯೇಕ ಕಪಾಟಿನ ಪ್ರಶ್ನೆಗೆ ಹೌದು ಎಂದೋ ಇಲ್ಲವೆಂದೋ ಒಂದೇ ಮಾತಿನಲ್ಲಿ ಹೇಳಲಾರೆ. ಇಂಥದ್ದೇ ಬೇಕೆಂದು ಬರುವ ಓದುಗರ ಸಮಯ ಅದರಿಂದ ಉಳಿಯುತ್ತದೆ. ಆದರೆ ಎಲ್ಲೆಗಳು ಎಲ್ಲಿವೆ? ಮೇರಿ ಶೆಲ್ಲಿಯವರ 1818ರ ‘ಫ್ರಾಂಕೆನ್‌ಸ್ಟೈನ್’ ಭಯಾನಕವೂ ಹೌದು, ವೈಜ್ಞಾನಿಕವೂ ಹೌದು. ಅದನ್ನು ಯಾವ ಕಪಾಟಿನಲ್ಲಿಟ್ಟರೂ ಇನ್ನೊಂದು ಕಪಾಟಿನ ಓದುಗರಿಗೆ ಅದು ಕಾಣುವುದಿಲ್ಲ. ಎರಡು ಮೂರು ಪ್ರಕಾರಗಳಲ್ಲಿ ಬರೆಯುವ ಲೇಖಕರ ಪುಸ್ತಕಗಳು ಚದುರಿಹೋಗುತ್ತವೆ. ಜೊತೆಗೆ 6,000 ಪುಸ್ತಕಗಳ ಲೇಬಲ್ ಮತ್ತು ಸೂಚಿಯ (ಗ್ರಂಥಾಲಯದ ಪುಸ್ತಕಪಟ್ಟಿಯ) ದಾಖಲೆಗಳನ್ನು ತಿದ್ದಬೇಕು. ತಿದ್ದಿದ ಮೇಲೆ ಹಿಂದಕ್ಕೆ ಹೋಗುವುದು ಸುಲಭವಲ್ಲ. ನಿಮ್ಮ ಗಾತ್ರದ ಸಂಗ್ರಹಕ್ಕೆ ನಾನು ನಡುದಾರಿಯನ್ನು ಹೇಳುತ್ತೇನೆ. ಅಕಾರಾದಿ ಹಾಗೆಯೇ ಇರಲಿ. ಪುಸ್ತಕದ ಬೆನ್ನಿಗೆ ಪ್ರಕಾರವನ್ನು ಸೂಚಿಸುವ ಸಣ್ಣ ಗುರುತನ್ನು ಅಂಟಿಸಿ, ಎರಡು ಪ್ರಕಾರಕ್ಕೆ ಸೇರುವುದಕ್ಕೆ ಎರಡು ಗುರುತು. ಬಣ್ಣವೊಂದನ್ನೇ ನೆಚ್ಚಿದರೆ ಬಣ್ಣಗಳ ವ್ಯತ್ಯಾಸ ಕಾಣದವರಿಗೆ ಕಷ್ಟವಾದ್ದರಿಂದ ಚಿಹ್ನೆಯೂ ಇರಲಿ. ಒಂದು ವರ್ಷದ ನಂತರ, ಒಂದು ಪ್ರಕಾರದ ಓದುಗರು ಆ ಗುರುತನ್ನೇ ಹಿಡಿದು ಹುಡುಕುತ್ತಿದ್ದಾರೆಂದು ಕಂಡರೆ ಆ ಒಂದನ್ನು ಮಾತ್ರ ಬೇರ್ಪಡಿಸಿ ನೋಡಬಹುದು.

ಪ್ರದರ್ಶನಕ್ಕೆ ತಂದ ಪುಸ್ತಕಗಳ ಜಾಗವನ್ನು ಸೂಚಿಯಲ್ಲೂ ತಾತ್ಕಾಲಿಕವಾಗಿ ಬದಲಿಸಲು ಮರೆಯಬೇಡಿ. ಕೋಹಾದಂಥ ಗ್ರಂಥಾಲಯ ತಂತ್ರಾಂಶದಲ್ಲಿ ‘ಪ್ರದರ್ಶನ’ ಎಂಬ ಒಂದು ಕಪಾಟು ಸ್ಥಳವನ್ನು ಸೇರಿಸಿಕೊಂಡರೆ, ಸೂಚಿಯಲ್ಲಿ ಕಂಡ ಪುಸ್ತಕ ಕಪಾಟಿನಲ್ಲಿಲ್ಲವೆಂದು ಯಾರೂ ಅಲೆಯಬೇಕಾಗುವುದಿಲ್ಲ, ನಿಮ್ಮ ಲೆಕ್ಕವೂ ಸುಲಭವಾಗುತ್ತದೆ.

ಭಯಾನಕ ಕಥೆಗಳ ಪ್ರದರ್ಶನವನ್ನು ಖಂಡಿತ ಮಾಡಿ. ಬಾಗಿಲ ಬಳಿ ಬೇಡ, ಮಕ್ಕಳ ವಿಭಾಗಕ್ಕೆ ಹೋಗುವ ದಾರಿಯಲ್ಲಂತೂ ಬೇಡವೇ ಬೇಡ. ದೊಡ್ಡವರ ಕಾದಂಬರಿ ಕಪಾಟುಗಳ ಸಾಲಿನ ಕೊನೆಯಲ್ಲಿ, ತಿರುವಿನ ಆಚೆಗೆ ಇರಲಿ. ತಲೆಬುರುಡೆ, ರಕ್ತಗಳನ್ನು ಬಿಟ್ಟು, ಅರ್ಧ ತೆರೆದ ಬಾಗಿಲಿನ ಒಂದು ರಟ್ಟಿನ ಚೌಕಟ್ಟು, ಅದರೊಳಗೆ ಕಪ್ಪು ಬಟ್ಟೆ, ಅದರ ಮುಂದೆ ಮುಖಪುಟ ತೋರಿಸಿ ನಿಂತ 15 ಪುಸ್ತಕಗಳು ಇಷ್ಟು ಸಾಕಾಗುತ್ತದೆ. ಬಾಗಿಲ ಹಿಂದೇನಿದೆ ಎಂಬ ಅಳುಕನ್ನು ಓದುಗರ ಮನಸ್ಸೇ ಹುಟ್ಟಿಸಿಕೊಳ್ಳುತ್ತದೆ. ಭಯದ ಮಟ್ಟದ ಪ್ರಕಾರ ಅವನ್ನು ಮೂರು ಗುಂಪು ಮಾಡಿ: ‘ದೀಪ ಆರಿಸಿಯೂ ಮಲಗಬಹುದು’, ‘ದೀಪ ಉರಿಯುತ್ತಿರಲಿ’, ‘ಹಗಲಿನಲ್ಲಿ ಓದಿ’. ಈ ಪ್ರಕಾರವನ್ನು ಎಂದೂ ಮುಟ್ಟದವರು ಮೊದಲ ಗುಂಪಿನಿಂದ ಒಂದನ್ನು ಎತ್ತಿಕೊಳ್ಳುವ ಸಾಧ್ಯತೆ ಹೆಚ್ಚಾದ್ದರಿಂದ ಟ್ರಾಲಿಯಲ್ಲಿ ಆ ಗುಂಪಿನ ಪ್ರತಿಗಳನ್ನೇ ಹೆಚ್ಚಾಗಿಟ್ಟುಕೊಂಡಿರಿ, ಮತ್ತು ಈ ಸಲ ಮೊದಲ ದಿನಕ್ಕೆ ಮುಂಚೆಯೇ ಆ ಪುಸ್ತಕಗಳ ಹಿಂದಿನ ನಾಲ್ಕು ವಾರಗಳ ಎರವಲಿನ ಲೆಕ್ಕವನ್ನು ಬರೆದಿಟ್ಟುಕೊಳ್ಳಿ.